ಹೆಬ್ಬೆರಳ ಬುಡದ ಗಂಟು

ಮನೆಯಲ್ಲಿರುವ ಹಿರಿಯರ ಪಾದಗಳನ್ನು ಒಮ್ಮೆ ಒಳ್ಳೆಯ ಬೆಳಕಿನಲ್ಲಿ ನೋಡಿರಿ. ಅನೇಕರಲ್ಲಿ ಹೆಬ್ಬೆರಳು ನೆಟ್ಟಗೆ ಮುಂದಕ್ಕೆ ಚಾಚಿರದೆ ಎರಡನೆಯ ಬೆರಳಿನ ಕಡೆಗೆ ಓರೆಯಾಗಿ ವಾಲಿರುವುದೂ, ಅದರ ಬುಡದಲ್ಲಿ ಪಾದದ ಒಳಪಕ್ಕಕ್ಕೆ ಒಂದು ಗಂಟು ಎದ್ದಿರುವುದೂ ಕಾಣಬರುತ್ತದೆ. ಕೆಲವರಿಗೆ ಇದರಿಂದ ಯಾವ ಬಾಧೆಯೂ ಇರುವುದಿಲ್ಲ. ಮತ್ತೆ ಕೆಲವರಿಗೆ ಸಂಜೆಯ ಹೊತ್ತಿಗೆ ಆ ಗಂಟು ಕೆಂಪೇರಿ, ಚಪ್ಪಲಿಯ ಪಟ್ಟಿ ತಗುಲಿದರೂ ಸಹಿಸಲಾಗದಷ್ಟು ನೋಯುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಬನಿಯನ್ ಎಂದು ಹೆಸರು. ನಾವು ಮೈಗೆ ತೊಡುವ ಬನಿಯನ್ನಿಗೂ ಇದಕ್ಕೂ ಉಚ್ಚಾರಣೆಯ ಹೊರತು ಬೇರಾವ ನಂಟೂ ಇಲ್ಲ. ವೈದ್ಯರು ಇದನ್ನು ಹ್ಯಾಲಕ್ಸ್ ವ್ಯಾಲ್ಗಸ್ ಎನ್ನುವರು. ಹೊರಕ್ಕೆ ವಾಲಿದ ಹೆಬ್ಬೆರಳು ಎಂದು ಆ ಲ್ಯಾಟಿನ್ ಮಾತುಗಳ ಅರ್ಥ. ಸುಮಾರು 1870ರಲ್ಲಿ ಕಾರ್ಲ್ ಹ್ಯೂಟರ್ ಎಂಬ ಜರ್ಮನ್ ಶಸ್ತ್ರವೈದ್ಯನು ಈ ಹೆಸರನ್ನು ಬಳಕೆಗೆ ತಂದನು. ನಾವು ಇಲ್ಲಿ ಹೆಬ್ಬೆರಳ ಗಂಟು ಎಂದೇ ಕರೆಯೋಣ.

ಈ ಗಂಟಿನ ವಿಷಯದಲ್ಲಿ ಗೃಹಸ್ಥರಲ್ಲಿ ಎರಡು ತಪ್ಪು ಭಾವನೆಗಳು ನೆಲೆಯೂರಿವೆ. ಇದು ಹೊಸದಾಗಿ ಬೆಳೆದ ಎಲುಬು, ಎಣ್ಣೆ ತಿಕ್ಕಿ ಬಲವಾಗಿ ಒತ್ತಿದರೆ ಕರಗೀತೆಂಬುದು ಒಂದು. ಶಸ್ತ್ರಕ್ರಿಯೆಯೊಂದರ ಹೊರತು ಇದಕ್ಕೆ ಗತಿಯಿಲ್ಲ, ಅಲ್ಲಿಯ ತನಕ ಹಲ್ಲು ಕಚ್ಚಿ ನಡೆಯಬೇಕೆಂಬುದು ಮತ್ತೊಂದು. ನಿಜವು ಇವೆರಡರ ನಡುವೆ ಇದೆ. ಒಮ್ಮೆ ವಾಲಿದ ಬೆರಳು ಶಸ್ತ್ರಕ್ರಿಯೆಯಿಲ್ಲದೆ ಪುನಃ ನೆಟ್ಟಗಾಗದು. ಆದರೆ ನೋವು ಬಹು ಮಂದಿಗೆ ಶಸ್ತ್ರವಿಲ್ಲದೆಯೇ ತಗ್ಗಬಲ್ಲುದು. ಬೆರಳಿನ ಓರೆ ಬೇರೆ, ಬೆರಳಿನ ನೋವು ಬೇರೆ. ಈ ಭೇದವನ್ನು ತಿಳಿದವರು ಹಣವನ್ನೂ ಕಾಲನ್ನೂ ಉಳಿಸಿಕೊಳ್ಳುವರು.

ಮೊದಲು ಗಂಟು ಏಳುವ ಬಗೆಯನ್ನು ನೋಡೋಣ. ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ. ಉಳಿದ ಬೆರಳುಗಳಿಗೆ ಮೂರು ಮೂರು ತುಂಡುಗಳಿದ್ದರೆ ಹೆಬ್ಬೆರಳಿಗೆ ಎರಡೇ ತುಂಡು. ಆದರೂ ನಡೆಯುವಾಗ ಕಟ್ಟಕಡೆಗೆ ನೆಲವನ್ನು ಒತ್ತಿ ದೇಹವನ್ನು ಮುಂದಕ್ಕೆ ನೂಕುವ ಕೆಲಸದಲ್ಲಿ ಹೆಚ್ಚಿನ ಪಾಲು ಇದರದೇ. ಹೆಬ್ಬೆರಳಿನ ಹಿಂದೆ ಪಾದದ ಒಂದು ಉದ್ದನೆಯ ಎಲುಬು ಇರುವುದಷ್ಟೆ. ಬೆರಳೂ ಆ ಎಲುಬೂ ಕೂಡುವ ಕೀಲಿನಲ್ಲಿ ಈ ವಿಕಾರವು ಹುಟ್ಟುತ್ತದೆ. ಉದ್ದನೆಯ ಎಲುಬಿನ ತಲೆ ಇನ್ನೊಂದು ಪಾದದ ಕಡೆಗೆ ಸರಿಯುತ್ತದೆ. ಬೆರಳು ಮಾತ್ರ ಅದಕ್ಕೆ ವಿರುದ್ಧವಾಗಿ ಎರಡನೆಯ ಬೆರಳಿನ ಕಡೆಗೆ ಹೊರಳುತ್ತದೆ. ಹೀಗೆ ಕೀಲು ಮಡಿಸಿದ ಮೊಣಕೈಯಂತೆ ಹೊರಚಾಚುತ್ತದೆ. ನಮ್ಮ ಕಣ್ಣಿಗೆ ಬೀಳುವ ಗಂಟು ಬಹುಮಟ್ಟಿಗೆ ಹೊರಚಾಚಿದ ಆ ಎಲುಬಿನ ತಲೆಯೇ ಹೊರತು ಹೊಸ ಬೆಳೆಯಲ್ಲ. ಅದರ ಮೇಲೆ ಚರ್ಮವು ಪಾದರಕ್ಷೆಗೆ ಉಜ್ಜಿ ಉಜ್ಜಿ ದಪ್ಪವಾಗುತ್ತದೆ. ಚರ್ಮದ ಕೆಳಗಿರುವ ದ್ರವದ ಸಣ್ಣ ಚೀಲವೂ ಊದಿಕೊಳ್ಳುತ್ತದೆ. ನೋವಿನ ದೊಡ್ಡ ಭಾಗವು ಈ ಉಜ್ಜಾಟದಿಂದಲೂ ಊತದಿಂದಲೂ ಬಂದದ್ದು.

ಒಮ್ಮೆ ಓರೆಯಾದ ಬೆರಳು ಮತ್ತಷ್ಟು ಓರೆಯಾಗುವುದೇತಕ್ಕೆ? ಬೆರಳನ್ನು ಎತ್ತುವ ಮತ್ತು ಮಡಿಸುವ ಸ್ನಾಯುರಜ್ಜುಗಳು ಕೀಲಿನ ಮಧ್ಯದಲ್ಲಿ ಹಾಯುತ್ತಿದ್ದಾಗ ಬೆರಳನ್ನು ನೆಟ್ಟಗೆ ಎಳೆಯುತ್ತವೆ. ಕೀಲು ಬಾಗಿದ ತರುವಾಯ ಅವು ಬಿಲ್ಲಿಗೆ ಕಟ್ಟಿದ ಹೆದೆಯಂತಾಗುತ್ತವೆ. ಹೆದೆಯನ್ನೆಳೆದರೆ ಬಿಲ್ಲು ಬಾಗುವುದಲ್ಲದೆ ನೆಟ್ಟಗಾಗುವುದುಂಟೆ? ಆದ್ದರಿಂದಲೇ ಒಂದೊಂದು ಹೆಜ್ಜೆಯೂ ಓರೆಯನ್ನು ಹೆಚ್ಚಿಸಬಲ್ಲುದು. ಬೆರಳು 15 ಡಿಗ್ರಿಗಿಂತ ಹೆಚ್ಚಾಗಿ ವಾಲಿದರೆ ವೈದ್ಯರು ಅದನ್ನು ವಿಕಾರವೆಂದು ಎಣಿಸುವರು. 40 ಡಿಗ್ರಿಯನ್ನು ಮೀರಿದರೆ ಅದು ತೀವ್ರವಾದದ್ದು. ಹೆಬ್ಬೆರಳು ತನ್ನ ಪಾಲಿನ ಭಾರವನ್ನು ಹೊರಲಾರದಾದಾಗ ಆ ಭಾರವು ಪಕ್ಕದ ಬೆರಳಿನ ಬುಡಕ್ಕೆ ಬೀಳುತ್ತದೆ. ಅಂಗಾಲಿನ ಆ ಜಾಗದಲ್ಲಿ ಆಣಿಯೂ ಉರಿಯೂ ಹುಟ್ಟುತ್ತವೆ. ಎರಡನೆಯ ಬೆರಳು ಕೊಕ್ಕೆಯಂತೆ ಮಡಿದು ಹೆಬ್ಬೆರಳಿನ ಮೇಲೇರುವುದೂ ಉಂಟು.

ಇದು ಯಾರಿಗೆ ಬರುತ್ತದೆ? 2010ರಲ್ಲಿ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 18ರಿಂದ 65 ವರ್ಷದವರಲ್ಲಿ ನೂರಕ್ಕೆ ಸುಮಾರು 23 ಮಂದಿಗೂ, 65 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 36 ಮಂದಿಗೂ ಇದು ಇದ್ದದ್ದು ತಿಳಿದುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಾಯಿಗಿದ್ದದ್ದು ಮಗಳಿಗೂ ಅಜ್ಜಿಗಿದ್ದದ್ದು ಮೊಮ್ಮಗಳಿಗೂ ಬರುವುದು ಸಾಮಾನ್ಯ. ಪಾದದ ಆಕಾರವೂ ಕೀಲುಗಳ ಸಡಿಲವೂ ವಂಶದಲ್ಲಿ ಇಳಿದು ಬರತಕ್ಕವು. ಆದಕಾರಣ ಬರಿಗಾಲಿನಲ್ಲಿಯೇ ಬಾಳಿದವರಿಗೂ ಇದು ಬರಬಹುದು. ಆದರೂ ಪಾದರಕ್ಷೆಯ ಪಾಲು ಸಣ್ಣದಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯವಿದೆ. 1958ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಂಗ್‌ಕಾಂಗಿನ ಚೀನೀಯರ ಪಾದಗಳನ್ನು ಪರೀಕ್ಷಿಸಿದರು. ಪಾದರಕ್ಷೆ ತೊಡುತ್ತಿದ್ದವರಲ್ಲಿ ನೂರಕ್ಕೆ 33 ಮಂದಿಗೆ ಹೆಬ್ಬೆರಳು ವಾಲಿತ್ತು. ತೊಡದಿದ್ದವರಲ್ಲಿ ನೂರಕ್ಕೆ ಇಬ್ಬರಿಗೂ ಇರಲಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದ ಸಾಕ್ಷ್ಯವು ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಹಳೆಯ ಸಮಾಧಿಗಳಿಂದ ದೊರೆತಿದೆ. ಅಲ್ಲಿನ ವಿದ್ವಾಂಸರು ಪಟ್ಟಣದ ಒಳಗೂ ಹೊರಗೂ ಇರುವ ನಾಲ್ಕು ಸ್ಥಳಗಳಿಂದ ತೆಗೆದ 177 ಅಸ್ಥಿಪಂಜರಗಳನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 11ರಿಂದ 13ನೆಯ ಶತಮಾನದವರೆಗಿನವರಲ್ಲಿ ನೂರಕ್ಕೆ 6 ಮಂದಿಗೆ ಮಾತ್ರ ಈ ವಿಕಾರವಿತ್ತು. 14 ಮತ್ತು 15ನೆಯ ಶತಮಾನದವರಲ್ಲಿ ಅದು ನೂರಕ್ಕೆ 27ಕ್ಕೆ ಏರಿತ್ತು. ನಡುವೆ ನಡೆದದ್ದೇನು? ದುಂಡು ಮೂತಿಯ ಜೋಡುಗಳು ಹೋಗಿ, ಸೂಜಿಯಂತೆ ಚೂಪಾದ ಉದ್ದ ಮೂತಿಯ ಜೋಡುಗಳು ಶೋಕಿಯಾಗಿ ಬಂದವು. ಸಿರಿವಂತರೂ ಕ್ರೈಸ್ತ ಸನ್ಯಾಸಿಗಳೂ ಮಣ್ಣಾಗಿದ್ದ ಮಠದ ಆವರಣದಲ್ಲಿ ನೂರಕ್ಕೆ 43 ಮಂದಿಗೆ ಬೆರಳು ವಾಲಿತ್ತು. ಹೊಲದಲ್ಲಿ ದುಡಿಯುತ್ತಿದ್ದ ಹಳ್ಳಿಗರ ಸ್ಮಶಾನದಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಆ ಶೋಕಿ ಎಷ್ಟು ಬೆಳೆದಿತ್ತೆಂದರೆ, ಜೋಡಿನ ಮೂತಿ ಎರಡು ಅಂಗುಲವನ್ನು ಮೀರಕೂಡದೆಂದು ನಾಲ್ಕನೆಯ ಎಡ್ವರ್ಡ್ ದೊರೆಯ ಕಾಲದಲ್ಲಿ, 1463ರಲ್ಲಿ, ದೊಡ್ಡ ಮನೆತನದವರಲ್ಲದವರಿಗೆಲ್ಲ ಕಾಯಿದೆಯನ್ನೇ ಮಾಡಬೇಕಾಯಿತು. ಈ ಶೋಧನೆಯಲ್ಲಿ ಇನ್ನೂ ಒಂದು ಸಂಗತಿಯುಂಟು. 45 ವರ್ಷ ದಾಟಿ ಸತ್ತವರಲ್ಲಿ ಹೆಬ್ಬೆರಳು ವಾಲಿದ್ದವರಿಗೆ, ಬಿದ್ದು ಎಲುಬು ಮುರಿದುಕೊಂಡ ಗುರುತುಗಳು ಹೆಚ್ಚಾಗಿದ್ದವು. ಹೆಬ್ಬೆರಳು ನೆಲವನ್ನು ಹಿಡಿಯದಿದ್ದರೆ ದೇಹದ ತೂಕ ತಪ್ಪುವುದು ಸಹಜವೇ. ಮುಪ್ಪಿನಲ್ಲಿ ಸೊಂಟದ ಎಲುಬು ಮುರಿದರೆ ಮನೆಯವರೆಲ್ಲರ ಬಾಳು ಹೇಗಾಗುವುದೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದ್ದಿಲ್ಲ. ಹೆಬ್ಬೆರಳ ಗಂಟನ್ನು ಅಂದಚೆಂದದ ಮಾತೆಂದು ತಳ್ಳಿಹಾಕಕೂಡದೆನ್ನುವುದು ಇದಕ್ಕಾಗಿ.

ಈಗ ಮಾಡತಕ್ಕದ್ದನ್ನು ಹೇಳುವೆವು.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬೆರಳಿಗೆ ಜಾಗವನ್ನು ಕೊಡುವುದು. ಸಂಸ್ಕೃತದಲ್ಲಿ ಪಾದರಕ್ಷೆಗೆ ಉಪಾನತ್ ಎಂಬ ಹೆಸರುಂಟು. ಕಟ್ಟು ಎಂಬ ಅರ್ಥದ ನಹ್ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ, ಪಾದಕ್ಕೆ ಹೊಂದಿಸಿ ಕಟ್ಟುವಂಥದು ಎಂದು ಅರ್ಥ. ಪಾದಕ್ಕೆ ರಕ್ಷೆಯನ್ನು ಕಟ್ಟಬೇಕಲ್ಲದೆ ರಕ್ಷೆಗೆ ಪಾದವನ್ನು ಕಟ್ಟಬಾರದು. ಹೊಂದುವುದೋ ಇಲ್ಲವೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ವೃತ್ತಪತ್ರಿಕೆಯ ಹಾಳೆಯ ಮೇಲೆ ಬರಿಗಾಲಿನಲ್ಲಿ ನಿಂತು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆಯೆಳೆಸಿರಿ. ಆ ಗೆರೆಯ ಮೇಲೆ ದಿನವೂ ತೊಡುವ ಜೋಡನ್ನಿಟ್ಟು ನೋಡಿರಿ. ಪಾದದ ಗೆರೆ ಜೋಡಿನ ಅಂಚಿನಿಂದ ಹೊರಗೆ ಇಣುಕಿದರೆ, ಅಷ್ಟಗಲವನ್ನು ನಿಮ್ಮ ಬೆರಳುಗಳು ದಿನವೂ ಮಡಿಸಿಕೊಂಡು ಸಹಿಸುತ್ತಿವೆ ಎಂದು ತಿಳಿಯಿರಿ. ಹೊಸ ಜೋಡನ್ನು ಸಂಜೆಯ ಹೊತ್ತಿನಲ್ಲಿ ಕೊಳ್ಳುವುದು ಲೇಸು. ದಿನವೆಲ್ಲ ನಿಂತು ನಡೆದ ಪಾದ ಆಗ ಸ್ವಲ್ಪ ಊದಿರುತ್ತದೆ. ಎರಡು ಪಾದಗಳ ಅಳತೆಯನ್ನೂ ನಿಂತೇ ನೋಡಿ, ದೊಡ್ಡ ಪಾದಕ್ಕೆ ಒಪ್ಪುವುದನ್ನು ಆರಿಸಬೇಕು. ಅತಿ ಉದ್ದವಾದ ಬೆರಳಿನ ಮುಂದೆ ಸುಮಾರು ಅರ್ಧ ಅಂಗುಲದ ಬಿಡುವಿರಬೇಕು. ಮುಂಭಾಗ ಅಗಲವಾಗಿ ಎತ್ತರವಾಗಿ ಇರಬೇಕು. ಮೇಲಿನ ಚರ್ಮ ಅಥವಾ ಬಟ್ಟೆ ಮೃದುವಾಗಿರಬೇಕು. ಗಂಟಿನ ಮೇಲೆ ಹೊಲಿಗೆ ಬರಕೂಡದು. ಹಿಮ್ಮಡಿಯ ಎತ್ತರವು ಒಂದು ಅಂಗುಲವನ್ನು ಮೀರದಿರಲಿ. ಎತ್ತರವಾದ ಹಿಮ್ಮಡಿ ಮೈಭಾರವನ್ನೆಲ್ಲ ಮುಂದಕ್ಕೆ ನೂಕಿ ಬೆರಳುಗಳನ್ನು ಮೂತಿಗೆ ತುರುಕುತ್ತದೆ.

ಚಪ್ಪಲಿಯ ಮಾತೇನೆಂದು ಕೇಳಬಹುದು. ಬೆಳಗಾವಿ ಸೀಮೆಯ ಅಥಣಿಯಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯಂಥವುಗಳ ಮುಂಭಾಗ ತೆರೆದಿರುವುದರಿಂದ ಬೆರಳಿಗೆ ಇಕ್ಕಟ್ಟಿಲ್ಲ, ಇದು ಗುಣ. ಅಡಿ ತೆಳುವಾಗಿ ಗಟ್ಟಿಯಾಗಿರುವುದೂ, ಅಡ್ಡಪಟ್ಟಿಯ ಅಂಚು ಕೆಲವರಿಗೆ ಗಂಟಿನ ಮೇಲೆಯೇ ಕೂರುವುದೂ ದೋಷ. ನೋವಿರುವವರು ಪಟ್ಟಿ ಎಲ್ಲಿ ಕೂರುವುದೆಂಬುದನ್ನು ನೋಡಿಯೇ ಕೊಳ್ಳತಕ್ಕದ್ದು. ಎರಡೇ ಪಟ್ಟಿಯ ರಬ್ಬರಿನ ಚಪ್ಪಲಿ ಜಾರದಂತೆ ಬೆರಳುಗಳಿಂದ ಅದನ್ನು ಹಿಡಿದುಕೊಂಡೇ ನಡೆಯಬೇಕಾಗುತ್ತದೆ. ದೂರದ ನಡಿಗೆಗೆ ಅದು ತಕ್ಕದ್ದಲ್ಲ. ಹಿಂದೆ ಪಟ್ಟಿಯಿದ್ದು ಮೆತ್ತನೆಯ ಅಡಿಯುಳ್ಳ ಅಗಲವಾದ ಸ್ಯಾಂಡಲ್ ಉತ್ತಮ. ಇರುವ ಚರ್ಮದ ಜೋಡನ್ನು ಬಿಸಾಡಬೇಕೆಂದಿಲ್ಲ. ಜೋಡು ರಿಪೇರಿಯವರು ಮರದ ಅಚ್ಚನ್ನು ತೂರಿಸಿ ಗಂಟಿನ ಜಾಗವನ್ನಷ್ಟೇ ಹಿಗ್ಗಿಸಿಕೊಡಬಲ್ಲರು. ಎಷ್ಟೋ ಮಂದಿಗೆ ಈ ಒಂದು ಉಪಾಯದಿಂದಲೇ ಅರ್ಧ ನೋವು ಇಳಿದೀತು.

ಎರಡನೆಯದು, ಉಜ್ಜಾಟವನ್ನು ತಪ್ಪಿಸುವುದು. ಗಂಟಿನ ಸುತ್ತ ಉಂಗುರದಂತೆ ಕತ್ತರಿಸಿದ ಮೆತ್ತೆಯನ್ನು ಅಂಟಿಸಿದರೆ ಒತ್ತಡವು ಗಂಟಿನ ಮೇಲೆ ಬೀಳದೆ ಸುತ್ತಲೂ ಹರಡುತ್ತದೆ. ಔಷಧದ ಅಂಗಡಿಗಳಲ್ಲಿ ಸಿಲಿಕೋನಿನ ಮೆತ್ತೆಗಳೂ, ಎರಡು ಬೆರಳುಗಳ ನಡುವೆ ಇಡುವ ತುಂಡುಗಳೂ ದೊರೆಯುತ್ತವೆ. ಇವನ್ನಿಟ್ಟ ಮೇಲೆ ಜೋಡು ಇಕ್ಕಟ್ಟಾಗುವಂತಿದ್ದರೆ ಇಡದಿರುವುದೇ ಮೇಲು. ಅಡಿಗೆಮನೆಯ ಕಲ್ಲುನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ಗೃಹಿಣಿಯರು ಕಾಲಿನ ಕೆಳಗೆ ಜಾರದಂಥ ದಪ್ಪ ಚಾಪೆಯನ್ನೋ ರಬ್ಬರಿನ ಹಾಸನ್ನೋ ಹಾಕಿಕೊಳ್ಳತಕ್ಕದ್ದು. ಕುಳಿತು ಮಾಡಬಹುದಾದ ಕೆಲಸವನ್ನು ಕುಳಿತೇ ಮಾಡತಕ್ಕದ್ದು.

ಮೂರನೆಯದು, ಊತವನ್ನು ತಣಿಸುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟರೆ ಉರಿ ಇಳಿಯುತ್ತದೆ. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ತಾಗಿಸಕೂಡದು. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಾದವರು ಇದನ್ನು ಮಾಡಲೇಕೂಡದು. ನೋವಿನ ಗುಳಿಗೆಗಳನ್ನು ವೈದ್ಯರ ಮಾತಿಲ್ಲದೆ ದಿನಗಟ್ಟಲೆ ನುಂಗಬಾರದು. ಹೊಟ್ಟೆಗೂ ಮೂತ್ರಪಿಂಡಕ್ಕೂ ಅವುಗಳಲ್ಲಿ ಕೆಲವು ಕೇಡು ಮಾಡುತ್ತವೆ.

ನಾಲ್ಕನೆಯದು, ವ್ಯಾಯಾಮ. ಇದರಿಂದ ಎಲುಬು ಸ್ವಸ್ಥಾನಕ್ಕೆ ಮರಳೀತೆಂದು ಆಶಿಸಬಾರದು; ಕೀಲಿನ ಬಿಗಿ ಸಡಿಲುವುದಕ್ಕೂ ಪಾದದ ಸಣ್ಣ ಸ್ನಾಯುಗಳು ಬಲಗೊಳ್ಳುವುದಕ್ಕೂ ಇದು ಸಹಾಯಕ. ಕುರ್ಚಿಯ ಮೇಲೆ ಕುಳಿತು, ಹಿಮ್ಮಡಿಯನ್ನೂ ಅಂಗಾಲಿನ ಮುಂಭಾಗವನ್ನೂ ನೆಲಕ್ಕೂರಿ, ಬೆರಳುಗಳನ್ನೆಲ್ಲ ಮೇಲೆತ್ತಿ ಅಗಲಿಸಿ, ಮೊದಲು ಕಿರುಬೆರಳನ್ನೂ ಕಡೆಗೆ ಹೆಬ್ಬೆರಳನ್ನೂ ನೆಲಕ್ಕೆ ತರಬೇಕು. ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿಯುವಂತೆ ಇಳಿಸುವುದರಲ್ಲಿ ಇದರ ಮರ್ಮವಿದೆ. ನೆಲದ ಮೇಲೆ ಹಾಸಿದ ಟವೆಲನ್ನು ಬೆರಳುಗಳಿಂದಲೇ ಮುದುಡಿಸಿ ತನ್ನ ಕಡೆಗೆ ಎಳೆದುಕೊಳ್ಳುವುದು ಮತ್ತೊಂದು. ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು, ಆ ಹಿಮ್ಮಡಿಯನ್ನು ಎತ್ತದೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲುವುದು ಮೂರನೆಯದು. ಮೀನಖಂಡದ ಬಿಗಿ ಸಡಿಲಿದರೆ ಪಾದದ ಮುಂಭಾಗದ ಭಾರ ತಗ್ಗುತ್ತದೆ. ಇವನ್ನು ದಿನಕ್ಕೊಮ್ಮೆ ಹತ್ತು ನಿಮಿಷ ಮಾಡಿದರೆ ಸಾಕು. ನೋವು ಹೆಚ್ಚಿದರೆ ನಿಲ್ಲಿಸಬೇಕು.

ಇನ್ನು ಮಾಡಕೂಡದ ಕೆಲಸಗಳು. ಬೆರಳನ್ನು ಬಲವಂತವಾಗಿ ಎಳೆಸುವುದು, ನೆಟ್ಟಗಾಗಲೆಂದು ಬಿಗಿಯಾಗಿ ಕಟ್ಟುವುದು, ಗಂಟಿನ ಮೇಲಿನ ಗಟ್ಟಿ ಚರ್ಮವನ್ನು ಬ್ಲೇಡಿನಿಂದ ಹೆರೆಯುವುದು, ಆಣಿ ಕರಗಿಸುವ ತೀಕ್ಷ್ಣವಾದ ಔಷಧವನ್ನು ಅದರ ಮೇಲೆ ಸುರಿಯುವುದು—ಇವು ಸಣ್ಣ ಕಷ್ಟವನ್ನು ದೊಡ್ಡದಾಗಿ ಮಾಡುವ ದಾರಿಗಳು. ರಾತ್ರಿ ಕಟ್ಟಿಕೊಂಡರೆ ಬೆರಳು ನೆಟ್ಟಗಾಗುವುದೆಂದು ಜಾಹೀರಾತು ಮಾಡಿ ಪಟ್ಟಿಗಳನ್ನು ಮಾರುವರು. ಕಟ್ಟಿಕೊಂಡಿರುವ ತನಕ ಕೆಲವರಿಗೆ ಹಾಯೆನಿಸಬಹುದು. ಶಾಶ್ವತವಾಗಿ ನೆಟ್ಟಗಾಗುವುದೆಂಬುದು ಸಿದ್ಧವಾಗಿಲ್ಲ. ಆ ಹಣದಿಂದ ಒಂದು ಜೊತೆ ಅಗಲವಾದ ಜೋಡನ್ನು ಕೊಳ್ಳುವುದು ವಿವೇಕ.

ಹೆಬ್ಬೆರಳಿನ ಬುಡದ ನೋವೆಲ್ಲ ಇದೇ ಎಂದು ಭ್ರಮಿಸಲೂಬಾರದು. ರಾತ್ರಿ ಮಲಗಿದವರನ್ನು ಎಬ್ಬಿಸುವಂಥ ನೋವು ಹಠಾತ್ತಾಗಿ ಬಂದು, ಕೀಲು ಕೆಂಪಾಗಿ ಬೆಂಕಿಯಂತೆ ಸುಡುತ್ತಿದ್ದರೆ ಅದು ಗೌಟ್ ಆಗಿರಬಹುದು. ನಮ್ಮ ವೈದ್ಯಗ್ರಂಥಗಳ ವಾತರಕ್ತವು ಇದಕ್ಕೆ ಹತ್ತಿರವಾದದ್ದು. ಅದರ ಚಿಕಿತ್ಸೆಯೇ ಬೇರೆ. ಕೈಬೆರಳುಗಳ ಕೀಲುಗಳೂ ಊದಿ ಬೆಳಗಿನ ಹೊತ್ತು ಬಿಗಿಯುತ್ತಿದ್ದರೆ ಸಂಧಿವಾತದ ಪರೀಕ್ಷೆ ಅವಶ್ಯ. ಮಧುಮೇಹವುಳ್ಳವರಿಗೆ ನಮ್ಮ ಮಾತು ಇನ್ನೂ ಕಟ್ಟುನಿಟ್ಟು. ಅವರ ಪಾದಕ್ಕೆ ನೋವು ತಿಳಿಯದಿರಬಹುದು. ಗಂಟಿನ ಮೇಲೆ ಚಪ್ಪಲಿ ಕೊರೆದ ಸಣ್ಣ ಗಾಯವೇ ಹುಣ್ಣಾಗಿ ಬೆರಳನ್ನೂ ಪಾದವನ್ನೂ ಕಳೆದುಕೊಳ್ಳುವಲ್ಲಿಗೆ ಮುಟ್ಟೀತು. ಅವರು ದಿನವೂ ಪಾದವನ್ನು ನೋಡಿಕೊಳ್ಳತಕ್ಕದ್ದು, ಕಣ್ಣು ಮಂದವಾಗಿದ್ದರೆ ಮನೆಯವರು ನೋಡತಕ್ಕದ್ದು. ಗಾಯ, ಕೀವು, ಬಣ್ಣದ ವ್ಯತ್ಯಾಸ ಕಂಡ ದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಶಸ್ತ್ರಕ್ರಿಯೆಯನ್ನು ನಾವು ನಿಂದಿಸುವವರಲ್ಲ. 2001ರಲ್ಲಿ ಪ್ರಕಟವಾದ ಫಿನ್‌ಲೆಂಡಿನ ಒಂದು ಪರೀಕ್ಷೆಯಲ್ಲಿ 209 ಮಂದಿ ರೋಗಿಗಳನ್ನು ಮೂರು ಪಂಗಡ ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಒಂದಕ್ಕೆ ಜೋಡಿನೊಳಗೆ ಇಡುವ ಅಳತೆಯ ಮೆತ್ತೆ, ಒಂದಕ್ಕೆ ಬರಿಯ ಕಾಯುವಿಕೆ ಎಂದು ನಿಯಮಿಸಿದರು. ಆರು ತಿಂಗಳಿಗೆ ಮೆತ್ತೆಯವರಿಗೂ ನೋವು ತಗ್ಗಿತ್ತು. ವರ್ಷ ತುಂಬುವಾಗ ಶಸ್ತ್ರಕ್ರಿಯೆಯಾದವರೇ ಹೆಚ್ಚು ಸುಖವಾಗಿದ್ದರು. ಆದ್ದರಿಂದ ಜೋಡನ್ನು ಬದಲಿಸಿ, ಹೇಳಿದ್ದನ್ನೆಲ್ಲ ಕೆಲವು ತಿಂಗಳು ಶ್ರದ್ಧೆಯಿಂದ ಮಾಡಿದರೂ ನೋವು ನಡಿಗೆಯನ್ನು ಕಟ್ಟಿಹಾಕುತ್ತಿದ್ದರೆ, ಇಲ್ಲವೆ ಎರಡನೆಯ ಬೆರಳು ಮೇಲೇರುತ್ತಿದ್ದರೆ, ಎಲುಬಿನ ವೈದ್ಯರನ್ನು ಕಾಣುವುದೇ ಸರಿ. ನೋವಿಲ್ಲದ ಗಂಟನ್ನು ನೋಟಕ್ಕಾಗಿ ಕೊಯ್ಯಿಸಿಕೊಳ್ಳುವುದು ಮಾತ್ರ ತಕ್ಕದ್ದಲ್ಲ. ಕೊಯ್ದ ಮೇಲೂ ಮತ್ತೆ ವಾಲುವುದುಂಟು. ಹಳೆಯ ಇಕ್ಕಟ್ಟಿನ ಜೋಡಿಗೇ ಮರಳುವವರಿಗೆ ಶಸ್ತ್ರವೂ ಸಹಾಯ ಮಾಡಲಾರದು.

ಉಪಾಧ್ಯಾಯ ವೃತ್ತಿಯಲ್ಲಿದ್ದು ಬಂದವರಾದ್ದರಿಂದ ಮಕ್ಕಳ ವಿಷಯವನ್ನು ಹೇಳದೆ ಮುಗಿಸಲಾರೆವು. ಜೂನ್ ತಿಂಗಳಿನಲ್ಲಿ ಕೊಂಡ ಕರಿಯ ಜೋಡು ಮಾರ್ಚ್ ತನಕ ಬರಲೇಬೇಕೆಂಬ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ಉಂಟು. ಮಗುವಿನ ಪಾದ ಆ ಲೆಕ್ಕವನ್ನು ಬಲ್ಲುದೆ? ಅದು ಬೆಳೆಯುತ್ತಲೇ ಇರುತ್ತದೆ. ತರಗತಿಯಲ್ಲಿ ಮೇಜಿನ ಕೆಳಗೆ ಜೋಡನ್ನು ಕಳಚಿ ಬೆರಳನ್ನು ಅಲುಗಾಡಿಸುವ ಹುಡುಗರನ್ನು ನಾವು ಎಷ್ಟೋ ವರ್ಷ ನೋಡಿದ್ದೇವೆ. ಅದು ತುಂಟತನವಲ್ಲ, ದೂರು. 1992ರಲ್ಲಿ ನಮ್ಮ ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು 2300 ಮಕ್ಕಳ ಪಾದಗಳನ್ನು ಪರೀಕ್ಷಿಸಿ, ಮುಚ್ಚಿದ ಜೋಡು ತೊಡುವವರಲ್ಲಿ ಚಪ್ಪಟೆ ಪಾದ ಹೆಚ್ಚೆಂದೂ, ಚಪ್ಪಲಿ ತೊಡುವವರಲ್ಲಿ ಕಡಿಮೆಯೆಂದೂ, ಬರಿಗಾಲಿನವರಲ್ಲಿ ಎಲ್ಲರಿಗಿಂತ ಕಡಿಮೆಯೆಂದೂ ಕಂಡರು. ಆ ಪರೀಕ್ಷೆ ಹೆಬ್ಬೆರಳ ಗಂಟಿನದಲ್ಲ. ಆದರೂ ಎಳೆಯ ಪಾದ ಪಾದರಕ್ಷೆಯ ಮಾತನ್ನು ಕೇಳುತ್ತದೆಂಬುದಕ್ಕೆ ಅದು ಸಾಕ್ಷಿ. ಮೂರು ತಿಂಗಳಿಗೊಮ್ಮೆ ಮಗುವಿನ ಜೋಡಿನ ಮೂತಿಯನ್ನು ಒತ್ತಿ ನೋಡಿರಿ. ಮನೆಯ ಒಳಗೂ ಶುಚಿಯಾದ ಅಂಗಳದಲ್ಲೂ ಬರಿಗಾಲಿನಲ್ಲಿ ಓಡಾಡಬಿಡಿರಿ. ತಾಯಿಗೆ ಗಂಟಿದ್ದ ಮನೆಯಲ್ಲಿ ಮಗಳ ಪಾದದ ಮೇಲೆ ವಿಶೇಷವಾಗಿ ಕಣ್ಣಿರಲಿ.

ನಮ್ಮ ಮನೆಗಳ ಹೆಂಗಸರು ಕಾಲಿನ ನೋವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಎಲ್ಲರ ಊಟವಾದ ಮೇಲೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಂತಿರುವುದೇ ಅವರ ಹೇಳಿಕೆ. ಹಬ್ಬ ಹುಣ್ಣಿಮೆಗಳಲ್ಲಿ ಹಿರಿಯರ ಪಾದಕ್ಕೆ ಬಾಗಿ ನಮಸ್ಕರಿಸುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಉಳಿದಿದೆ. ಬಾಗಿದಾಗ ಕಣ್ಣು ಮುಚ್ಚದೆ ಆ ಪಾದವನ್ನೂ ನೋಡಿರಿ. ಹೆಬ್ಬೆರಳು ವಾಲಿದ್ದರೆ, ಗಂಟು ಕೆಂಪಾಗಿದ್ದರೆ, ಆಶೀರ್ವಾದ ಪಡೆದು ಎದ್ದವರು ಹಾಳೆಯನ್ನೂ ಪೆನ್ಸಿಲನ್ನೂ ತಂದು ಪಾದದ ಅಳತೆಯನ್ನು ತೆಗೆದುಕೊಳ್ಳಲಿ; ಆ ಸಂಜೆಯೇ ಅಂಗಡಿಗೆ ಹೋಗಿ ಬರಲಿ.